ಚಪ್ಪರ ಬಿದ್ದರೆ ಹೊಣೆ ಯಾರದು?

ಊರಿನ ಉತ್ಸವವಾಗಲಿ, ವಸ್ತುಪ್ರದರ್ಶನವಾಗಲಿ, ಶಾಲೆಯ ವಾರ್ಷಿಕೋತ್ಸವವಾಗಲಿ, ಶಾಮಿಯಾನ ಒಬ್ಬರದು, ಮೈಕ್‌ಸೆಟ್ ಇನ್ನೊಬ್ಬರದು, ಜನರೇಟರ್ ಮತ್ತೊಬ್ಬರದು. ಎಲ್ಲವೂ ಸಾಂಗವಾಗಿ ನಡೆದರೆ ಕೀರ್ತಿ ಸಂಘಟಕರಿಗೆ. ಅನಾಹುತವಾದರೆ ಮಾತ್ರ, ‘ಅದು ಗುತ್ತಿಗೆದಾರನ ಕೆಲಸ, ನಮಗೆ ಸಂಬಂಧವಿಲ್ಲ’ ಎಂಬ ಉತ್ತರ ಸಿದ್ಧವಾಗಿರುತ್ತದೆ. ಈ ಉತ್ತರಕ್ಕೂ ಒಂದೂವರೆ ಶತಮಾನದ ಇತಿಹಾಸವಿದೆ.

1866ರಲ್ಲಿ ಇಂಗ್ಲೆಂಡಿನ ಚೆಲ್ಟನ್‌ಹ್ಯಾಂ ಪಟ್ಟಣದ ಕುದುರೆ ಓಟಕ್ಕಾಗಿ ಕಾಕ್ರೆಲ್ ಎಂಬಾತ ತನ್ನ ಹಾಗೂ ಜೊತೆಗಾರರ ಪರವಾಗಿ ಪ್ರೇಕ್ಷಕರ ಅಟ್ಟಣಿಗೆ ಕಟ್ಟಿಸಿದ. ಕೆಲಸ ಒಪ್ಪಿಸಿದ್ದು ಒಳ್ಳೆಯ ಹೆಸರಿದ್ದ ಗುತ್ತಿಗೆದಾರರಿಗೆ. ಐದು ಷಿಲಿಂಗ್ ಕೊಟ್ಟು ಅಟ್ಟಣಿಗೆ ಏರಿದವರಲ್ಲಿ ಫ್ರಾನ್ಸಿಸ್ ಎಂಬುವರೂ ಒಬ್ಬರು. ಅಟ್ಟಣಿಗೆ ಕುಸಿಯಿತು, ಅವರು ಗಾಯಗೊಂಡರು. ಕಟ್ಟುವವರ ಅಜಾಗರೂಕತೆಯೇ ಕಾರಣವೆಂಬುದು ಸಾಬೀತಾಯಿತು. ಕಾಕ್ರೆಲ್‌ಗೆ ಆ ದೋಷದ ಅರಿವೂ ಇರಲಿಲ್ಲ, ಆತನ ಸ್ವಂತ ತಪ್ಪೂ ಇರಲಿಲ್ಲ.

ಆದರೂ 1870ರಲ್ಲಿ ಮೇಲ್ಮನವಿ ನ್ಯಾಯಾಲಯ ಆತನನ್ನೇ ಹೊಣೆ ಮಾಡಿತು. ಹಣ ಪಡೆದು ಜನರನ್ನು ಅಟ್ಟಣಿಗೆಗೆ ಹತ್ತಿಸಿದವನು, ಅದನ್ನು ತಕ್ಕ ಎಚ್ಚರಿಕೆಯಿಂದ ಕಟ್ಟಲಾಗಿದೆ ಎಂಬ ಭರವಸೆಯನ್ನೂ ಬಾಯಿಬಿಟ್ಟು ಹೇಳದೆಯೇ ಕೊಟ್ಟಂತಾಯಿತು ಎಂಬುದು ನ್ಯಾಯಾಧೀಶರ ನಿಲುವು. ಯಾರ ಕಣ್ಣಿಗೂ ಬೀಳಲಾರದ ದೋಷಕ್ಕೆ ಈ ಭರವಸೆ ಅನ್ವಯಿಸದು. ಇದು ಕಾಕ್ರೆಲ್‌ಗೆ ಅನ್ಯಾಯವೆಂದು ಮೇಲ್ನೋಟಕ್ಕೆ ತೋರಬಹುದು. ಆದರೆ ಅಂದಿನ ಕಾನೂನಿನಲ್ಲಿ ಪ್ರೇಕ್ಷಕನಿಗೂ ಗುತ್ತಿಗೆದಾರನಿಗೂ ಯಾವ ಕರಾರೂ ಇಲ್ಲ. ಕರಾರಿಲ್ಲದವನ ಮೇಲೆ ದಾವೆ ಹೂಡುವುದು ಬಲು ಕಷ್ಟ. ಸಂಘಟಕನನ್ನೂ ಬಿಟ್ಟುಬಿಟ್ಟರೆ ಗಾಯಾಳು ಹೋಗುವುದಾದರೂ ಎಲ್ಲಿಗೆ?

ಮುಂದೆ ಇಂಗ್ಲೆಂಡಿನಲ್ಲೇ ಈ ಬಿಗಿ ಸಡಿಲವಾಯಿತು. 1957ರ ಕಾಯ್ದೆಯ ಪ್ರಕಾರ, ಸಮರ್ಥ ಗುತ್ತಿಗೆದಾರನನ್ನು ವಿವೇಚನೆಯಿಂದ ಆರಿಸಿದ್ದರೆ ಸ್ಥಳದ ಒಡೆಯ ಸಾಮಾನ್ಯವಾಗಿ ಪಾರಾಗಬಲ್ಲ. 2002ರಲ್ಲಿ ತೀರ್ಮಾನವಾದ ಮೊಕದ್ದಮೆಯೊಂದು ಸ್ವಾರಸ್ಯಕರ. ಆಸ್ಪತ್ರೆಯೊಂದು ನಿಧಿಸಂಗ್ರಹಕ್ಕೆ ಮೇಳ ನಡೆಸಿ, ಜಿಗಿದು ಗೋಡೆಗೆ ಅಂಟಿಕೊಳ್ಳುವ ಆಟದ ಸಲಕರಣೆಯನ್ನು ಬಾಡಿಗೆಗೆ ತರಿಸಿತ್ತು. ಅದನ್ನು ಸರಿಯಾಗಿ ಜೋಡಿಸದ್ದರಿಂದ ಮಹಿಳೆಯೊಬ್ಬರು ಗಾಯಗೊಂಡರು. ಸಲಕರಣೆಯವರ ವಿಮೆ ನೋಡಿದರೆ, ಮೇಳಕ್ಕೆ ನಾಲ್ಕೇ ದಿನ ಮುಂಚೆ ಅವಧಿ ಮುಗಿದಿತ್ತು! ವಿಮೆ ಇದೆಯೇ ಎಂದು ವಿಚಾರಿಸುವುದು ಆಸ್ಪತ್ರೆಯ ಕರ್ತವ್ಯವೆಂದು ನ್ಯಾಯಾಲಯ ಬಹುಮತದಿಂದ ಹೇಳಿತು. ಆದರೆ ಆಸ್ಪತ್ರೆ ವಿಚಾರಿಸಿತ್ತು, ಹಾಗಾಗಿ ಗೆದ್ದಿತು. ಪಾಲಿಸಿಯ ಕಾಗದವನ್ನೇ ತರಿಸಿ ದಿನಾಂಕ ನೋಡಿದ್ದರೆ ಸಂಗತಿ ಅಲ್ಲೇ ಬಯಲಾಗುತ್ತಿತ್ತು. ವಿಮೆ ವಿಚಾರಿಸುವ ಈ ಕರ್ತವ್ಯವನ್ನು ಅಲ್ಲಿನ ಮುಂದಿನ ತೀರ್ಪು ಮತ್ತಷ್ಟು ಕಿರಿದುಗೊಳಿಸಿತು.

ಭಾರತದಲ್ಲಿ ಈ ಪ್ರಶ್ನೆ ಎದುರಾದದ್ದು ಬೆಂಕಿಯ ನಡುವೆ. 1995ರ ಡಿಸೆಂಬರ್ 23ರಂದು ಹರಿಯಾಣದ ಡಬವಾಲಿಯಲ್ಲಿ, ಮದುವೆ ಮಂಟಪವೊಂದರಲ್ಲಿ ಶಾಲೆಯ ವಾರ್ಷಿಕೋತ್ಸವ ನಡೆಯುತ್ತಿದ್ದಾಗ ಚಪ್ಪರಕ್ಕೆ ಬೆಂಕಿ ಬಿದ್ದು 442 ಮಂದಿ ಸತ್ತರು. ಹೆಚ್ಚಿನವರು ಮಕ್ಕಳು. ಪರಿಹಾರದ ಹೊಣೆಯನ್ನು ಹೈಕೋರ್ಟ್ ಶಾಲೆಯ ಕಡೆಗೂ ಸರ್ಕಾರದ ಕಡೆಗೂ ಹಂಚಿದ್ದು 2009ರಲ್ಲಿ.

2006ರ ಏಪ್ರಿಲ್ 10ರಂದು ಮೀರತ್‌ನ ವಿಕ್ಟೋರಿಯಾ ಪಾರ್ಕಿನಲ್ಲಿ ಗೃಹೋಪಯೋಗಿ ವಸ್ತುಪ್ರದರ್ಶನದ ಕೊನೆಯ ದಿನ. ಬೆಂಕಿಗೆ 65 ಮಂದಿ ಬಲಿಯಾದರು. ಸುಪ್ರೀಂ ಕೋರ್ಟಿನ ಮುಂದೆ ಸಂಘಟಕರ ವಾದ ಹಳೆಯದೇ: ಚಪ್ಪರ, ವಿದ್ಯುತ್ತು ಎಲ್ಲವೂ ಸ್ವತಂತ್ರ ಗುತ್ತಿಗೆದಾರನ ಕೆಲಸ, ಹೊಣೆ ಅವನದೇ. ನಿವೃತ್ತ ನ್ಯಾಯಮೂರ್ತಿ ಎಸ್.ಬಿ. ಸಿನ್ಹಾ ಅವರ ಆಯೋಗ ಇದನ್ನು ಒಪ್ಪಲಿಲ್ಲ. 2022ರ ಏಪ್ರಿಲ್ 12ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟೂ ಒಪ್ಪಲಿಲ್ಲ. ಜನ ಬಂದದ್ದು ಸಂಘಟಕರ ಕರೆಗೆ. ಗುತ್ತಿಗೆದಾರ ದುಡಿದದ್ದು ಸಂಘಟಕರಿಗಾಗಿ. ಅವನಿಗೂ ಬಂದವರಿಗೂ ನಡುವೆ ಒಪ್ಪಂದವೇನೂ ಇರಲಿಲ್ಲ. ಎಚ್ಚರ ತಪ್ಪಿದ ಅಧಿಕಾರಿಗಳನ್ನೂ ನ್ಯಾಯಾಲಯ ಬಿಡಲಿಲ್ಲ. ಹೊಣೆಯಲ್ಲಿ ಶೇ 60 ಪಾಲು ಸಂಘಟಕರ ಮೇಲೆ, ಶೇ 40 ರಾಜ್ಯ ಸರ್ಕಾರದ ಮೇಲೆ ಬಿತ್ತು.

ಯಾವ ಕುಟುಂಬಕ್ಕೆ ಎಷ್ಟು ಪರಿಹಾರ ಎಂಬುದನ್ನು ಮೀರತ್‌ನಲ್ಲೇ ನ್ಯಾಯಾಧೀಶರೊಬ್ಬರು ಪ್ರತಿದಿನ ಕುಳಿತು ಲೆಕ್ಕ ಹಾಕಬೇಕೆಂದು ಆದೇಶವಾಯಿತು. ದುರಂತ ನಡೆದು ಆಗಲೇ 16 ವರ್ಷ ಕಳೆದಿತ್ತು.