ಉಸಿರು ಮರಳಿದ ಮೇಲೆ ಮಾತು

ಊರಿನಲ್ಲಿ ಯಾರಾದರೂ ಹಾಸಿಗೆ ಹಿಡಿದರೆ ‘ಮಾತಾಡಿಸಿಕೊಂಡು ಬರೋಣ’ ಎಂದು ಹೊರಡುವುದು ನಮ್ಮಲ್ಲಿ ಹಿಂದಿನಿಂದ ಬಂದ ರೂಢಿ. ಚನ್ನರಾಯಪಟ್ಟಣ ತಾಲ್ಲೂಕಿನ ದಂಡಿಗನಹಳ್ಳಿ ಹೋಬಳಿಯಾಗಲಿ, ಹೊಳೆನರಸೀಪುರ, ಅರಕಲಗೂಡಿನ ಕಡೆಯ ಊರುಗಳಾಗಲಿ, ಬ್ರೆಡ್ಡೋ ನಾಲ್ಕು ಮೂಸಂಬಿಯೋ ಹಿಡಿದು ರೋಗಿಯ ಮಂಚದ ಬಳಿ ಕೂರುವವರಿಗೆ ಕೊರತೆಯಿಲ್ಲ. ಆದರೆ ಹಾಸನ, ಮೈಸೂರು, ಬೆಂಗಳೂರಿನ ದೊಡ್ಡ ಆಸ್ಪತ್ರೆಗಳಲ್ಲಿ ಈ ರೂಢಿ ಒಂದು ಬಾಗಿಲ ಮುಂದೆ ನಿಂತುಬಿಡುತ್ತದೆ. ಅದು ತೀವ್ರ ನಿಗಾ ಘಟಕದ, ಅಂದರೆ ಐಸಿಯುವಿನ ಬಾಗಿಲು. ಹೊರಗಿನವರಿಗೆ ಒಳಗೆ ಹೋಗಲು ಹೆಚ್ಚು ಅವಕಾಶವಿಲ್ಲ. ಒಳಗಿನವರಿಗೆ ಗಂಟಲಲ್ಲಿ ಉಸಿರಾಟದ ನಳಿಕೆ ಇರುವುದರಿಂದ ಮಾತೇ ಹೊರಡದು.

ಹೀಗೆ ಜೀವ ಉಳಿಸಿಕೊಂಡು ಮನೆಗೆ ಬಂದವರಲ್ಲಿ ಕೆಲವರು ರಾತ್ರಿ ಬೆಚ್ಚಿ ಏಳುತ್ತಾರೆ. ಆಸ್ಪತ್ರೆಯ ಹೆಸರೆತ್ತಿದರೆ ಬೆವರುತ್ತಾರೆ. ಮತ್ತೆ ತೋರಿಸಿಕೊಳ್ಳಲು ಹೋಗುವ ದಿನವನ್ನು ಮುಂದೂಡುತ್ತಾರೆ. ಮನೆಯವರಲ್ಲಿ ಕೆಲವರು ‘ಗಾಳಿ ಸೋಕಿದೆ’ ಎನ್ನುತ್ತಾರೆ. ಮತ್ತೆ ಕೆಲವರು ‘ಬದುಕಿ ಬಂದದ್ದೇ ಪುಣ್ಯ, ಅದನ್ನೆಲ್ಲ ಮರೆತುಬಿಡು’ ಎನ್ನುತ್ತಾರೆ. ಈ ಎರಡು ಉತ್ತರಗಳ ನಡುವೆ ರೋಗಿ ಸುಮ್ಮನಾಗುತ್ತಾನೆ. ವಾಸ್ತವವಾಗಿ ಇದು ವೈದ್ಯಶಾಸ್ತ್ರ ಗುರುತಿಸಿರುವ ತೊಂದರೆ. ಇದಕ್ಕಿರುವ ಮುಖ್ಯ ಚಿಕಿತ್ಸೆ ಮಾತು. ಇಷ್ಟನ್ನು ತಿಳಿಯಲು ವೈದ್ಯರಿಗೆ ನೂರಕ್ಕೂ ಹೆಚ್ಚು ವರ್ಷ ಹಿಡಿಯಿತು.

ತೀವ್ರ ನಿಗಾ ಘಟಕ ಹುಟ್ಟಿದ್ದು ಪೋಲಿಯೊ ಪಿಡುಗಿನಲ್ಲಿ. 1952ರಲ್ಲಿ ಡೆನ್ಮಾರ್ಕಿನ ಕೋಪನ್‌ಹೇಗನ್ ನಗರದಲ್ಲಿ ಪಿಡುಗಿನ ಮೊದಲ ವಾರಗಳಲ್ಲೇ ಉಸಿರಾಟ ಕೆಟ್ಟ 31 ರೋಗಿಗಳ ಪೈಕಿ 27 ಮಂದಿ ತೀರಿಕೊಂಡರು. ಆಗ ಬ್ಯೋರ್ನ್ ಇಬ್ಸೆನ್ ಎಂಬ ಅರಿವಳಿಕೆ ತಜ್ಞರು ಗಂಟಲಿಗೆ ರಂಧ್ರ ಮಾಡಿ, ರಬ್ಬರ್ ಚೀಲವನ್ನು ಕೈಯಿಂದ ಒತ್ತಿ ಶ್ವಾಸಕೋಶಕ್ಕೆ ಗಾಳಿ ತುಂಬುವ ಉಪಾಯ ಹೂಡಿದರು. ಸುಮಾರು 1500 ವಿದ್ಯಾರ್ಥಿಗಳು ಸರದಿಯ ಮೇಲೆ ಹಗಲಿರುಳು ಚೀಲ ಒತ್ತಿದರು. ಮರುವರ್ಷ ಅದೇ ನಗರದಲ್ಲಿ ಇಂಥ ರೋಗಿಗಳಿಗೆಂದೇ ಪ್ರತ್ಯೇಕ ಘಟಕ ತೆರೆಯಿತು. ಇಲ್ಲೊಂದು ಸಂಗತಿಯನ್ನು ಗಮನಿಸಬೇಕು. ಆ ವಿದ್ಯಾರ್ಥಿಗಳು ಚೀಲ ಒತ್ತುತ್ತಲೇ ಮಕ್ಕಳಿಗೆ ಪುಸ್ತಕ ಓದಿ ಹೇಳುತ್ತಿದ್ದರು, ಆಟವಾಡಿಸುತ್ತಿದ್ದರು. ಮೊದಲ ಉಸಿರಾಟದ ಯಂತ್ರವೆಂದರೆ ಪಕ್ಕದಲ್ಲಿ ಕುಳಿತ ಮನುಷ್ಯನೇ. ಮುಂದೆ ನಿಜವಾದ ಯಂತ್ರ ಬಂತು. ಅದು ದಣಿಯದೆ ಕೆಲಸ ಮಾಡಿತು, ಆದರೆ ಮಾತಾಡಿಸಲಿಲ್ಲ.

ಮಾತಿನ ಚಿಕಿತ್ಸೆಯ ಕಥೆ ಬೇರೆ ಕಡೆಯಿಂದ ಬರುತ್ತದೆ. ವಿಯೆನ್ನಾದ ವೈದ್ಯ ಯೋಸೆಫ್ ಬ್ರಾಯರ್ 1880ರಿಂದ 1882ರವರೆಗೆ ಚಿಕಿತ್ಸೆ ನೀಡಿದ ಒಬ್ಬ ಯುವತಿ, ಮನಸ್ಸಿನಲ್ಲಿದ್ದುದನ್ನು ಹೇಳಿಕೊಂಡಾಗ ಹಗುರಾಗುವುದನ್ನು ಕಂಡು ಅದಕ್ಕೆ ಮಾತಿನ ಮದ್ದು ಎಂಬರ್ಥದ ಹೆಸರಿಟ್ಟಳು. ಫ್ರಾಯ್ಡ್ ಇದನ್ನು ಒಂದು ಶಾಸ್ತ್ರವಾಗಿ ಬೆಳೆಸಿದರು. ಮೊದಲ ಮಹಾಯುದ್ಧದಲ್ಲಿ ಸಿಡಿಮದ್ದಿನ ನಡುವೆ ಕಂಗೆಟ್ಟ ಸೈನಿಕರಿಗೆ ಚಿಕಿತ್ಸೆ ನೀಡಿದವರಲ್ಲಿ ಪ್ರಮುಖರು ಡಬ್ಲ್ಯು.ಎಚ್.ಆರ್. ರಿವರ್ಸ್. ಇವರು ನಮಗೆ ತೀರ ದೂರದವರಲ್ಲ. 1901-02ರಲ್ಲಿ ನಮ್ಮ ಗಡಿಯಾಚೆಯ ನೀಲಗಿರಿಗೆ ಬಂದು ತೋಡ ಜನರ ನಡುವೆ ಇದ್ದು, ಅವರ ಬದುಕನ್ನು ಕುರಿತು 1906ರಲ್ಲಿ ದೊಡ್ಡ ಗ್ರಂಥ ಬರೆದವರು. ಕಂಡದ್ದನ್ನು ಮರೆಯಿರಿ ಎಂದು ಸೈನಿಕರಿಗೆ ಬುದ್ಧಿ ಹೇಳುವುದು ತಪ್ಪೆಂದು ರಿವರ್ಸ್ 1918ರಲ್ಲಿ ಬರೆದರು. ಅದುಮಿಟ್ಟ ನೆನಪು ರಾತ್ರಿಯ ಕನಸಾಗಿ ಮರಳುತ್ತದೆ. ಅದನ್ನು ಎದುರಿಗಿಟ್ಟುಕೊಂಡು ನೋಡಬೇಕು. ಹಾಗೆಂದು ಸದಾ ಅದರಲ್ಲೇ ಮುಳುಗಿಯೂ ಇರಬಾರದು. ಇದು ಅವರ ನಿಲುವು.

ಕನ್ನಡ ನಾಡಿನಲ್ಲಿಯೂ ಈ ವಿದ್ಯೆಗೆ ನೆಲೆ ಇದೆ. ಮೈಸೂರು ಸಂಸ್ಥಾನದ ಬೆಂಗಳೂರು ಮಾನಸಿಕ ಆಸ್ಪತ್ರೆಯ ಆವರಣದಲ್ಲೇ 1954ರಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಆರಂಭವಾಯಿತು. ಡಾ. ಎಂ.ವಿ. ಗೋವಿಂದಸ್ವಾಮಿ ಅದರ ಮೊದಲ ನಿರ್ದೇಶಕರು. 1974ರಲ್ಲಿ ಎರಡೂ ಒಂದಾಗಿ ನಿಮ್ಹಾನ್ಸ್ ಆದವು. 1981ರ ಫೆಬ್ರುವರಿಯಲ್ಲಿ ಬೆಂಗಳೂರಿನ ಸರ್ಕಸ್ ಡೇರೆಗೆ ಬೆಂಕಿ ಬಿದ್ದು ತೊಂಬತ್ತಕ್ಕೂ ಹೆಚ್ಚು ಜನ, ಅವರಲ್ಲಿ ಬಹುಪಾಲು ಮಕ್ಕಳು, ಸತ್ತಾಗ ನಿಮ್ಹಾನ್ಸಿನ ತಜ್ಞರು ಅವರ ಬಂಧುಗಳನ್ನು ಕಂಡು ಆ ದುಃಖದ ಸ್ವರೂಪವನ್ನು ಅಧ್ಯಯನ ಮಾಡಿದರು. ಮನಸ್ಸಿನ ವಿಷಯವನ್ನು ಕನ್ನಡದಲ್ಲಿ ಜನರಿಗೆ ಮುಟ್ಟಿಸಿದವರೂ ಇದ್ದರು. ‘ಕೊರವಂಜಿ’ ಪತ್ರಿಕೆಯ ರಾಶಿ, ಅಂದರೆ ಡಾ. ಎಂ. ಶಿವರಾಂ, ತಮ್ಮ ‘ಮನ ಮಂಥನ’ಕ್ಕೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದರು.

1980ರಲ್ಲಿ ಅಮೆರಿಕದ ಮನೋವೈದ್ಯರ ಸಂಘ ಆಘಾತೋತ್ತರ ಒತ್ತಡವನ್ನು ಒಂದು ಪ್ರತ್ಯೇಕ ಕಾಯಿಲೆಯೆಂದು ಪಟ್ಟಿಗೆ ಸೇರಿಸಿತು. ಆಗ ಎಲ್ಲರ ಮನಸ್ಸಿನಲ್ಲಿದ್ದುದು ಯುದ್ಧ, ಅಪಘಾತ, ಅತ್ಯಾಚಾರ. ಜೀವ ಉಳಿಸುವ ಚಿಕಿತ್ಸೆಯೇ ಆಘಾತವಾಗಬಹುದೆಂಬುದು ನಿಧಾನವಾಗಿ ಅರಿವಿಗೆ ಬಂತು. ತೀವ್ರ ಸೋಂಕು, ಆಮ್ಲಜನಕದ ಕೊರತೆ, ಮತ್ತಿನ ಔಷಧ, ನಿದ್ರೆಯಿಲ್ಲದ ರಾತ್ರಿಗಳು ಸೇರಿದಾಗ ರೋಗಿಗೆ ನಮ್ಮ ಹಿರಿಯರು ‘ಸನ್ನಿ’ ಎನ್ನುತ್ತಿದ್ದ ಸ್ಥಿತಿ ಬರುತ್ತದೆ. ಕೈ ಕಟ್ಟಿದಂತೆ, ನರ್ಸ್ ವಿಷ ಹಾಕುತ್ತಿರುವಂತೆ ತೋರಬಹುದು. ಇಂಗ್ಲೆಂಡಿನ ಕ್ರಿಸ್ಟಿನಾ ಜೋನ್ಸ್ ಮತ್ತು ಸಂಗಡಿಗರು 2001ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಮುಂದೆ ಹೆಚ್ಚು ಕಾಡುವುದು ಈ ಭ್ರಮೆಯ ನೆನಪುಗಳೇ. ನಿಜವಾಗಿ ನಡೆದುದರ ನೆನಪು, ಅದು ಕಹಿಯಾಗಿದ್ದರೂ, ಒಂದಿಷ್ಟು ರಕ್ಷಣೆ ನೀಡುತ್ತದೆ. ಅಂದರೆ ರೋಗಿಗೆ ಬೇಕಾದದ್ದು ಮರೆವಲ್ಲ, ಕಳೆದುಹೋದ ದಿನಗಳ ಸರಿಯಾದ ಕಥೆ.

ಉತ್ತರ ಯುರೋಪಿನ ದಾದಿಯರು ಇದಕ್ಕೊಂದು ಸರಳ ದಾರಿ ಕಂಡಿದ್ದರು. ಪ್ರಜ್ಞೆಯಿಲ್ಲದ ರೋಗಿಯ ಹೆಸರಿನಲ್ಲಿ ದಿನಚರಿ ಬರೆಯುವುದು. ಗುಣವಾದ ಮೇಲೆ ಕೈಗಿತ್ತು ಜೊತೆಗೆ ಕುಳಿತು ಮಾತಾಡುವುದು. 2010ರಲ್ಲಿ ಪ್ರಕಟವಾದ, 352 ರೋಗಿಗಳ ಪರೀಕ್ಷೆಯಲ್ಲಿ ದಿನಚರಿ ಪಡೆದವರಲ್ಲಿ ಶೇಕಡಾ 5 ಮಂದಿಗೆ, ಪಡೆಯದವರಲ್ಲಿ ಶೇಕಡಾ 13 ಮಂದಿಗೆ ಈ ಕಾಯಿಲೆ ಹೊಸದಾಗಿ ಕಾಣಿಸಿಕೊಂಡಿತು. ಆದರೆ 2019ರಲ್ಲಿ ಪ್ರಕಟವಾದ, ಫ್ರಾನ್ಸಿನಲ್ಲಿ ನಡೆದ ದೊಡ್ಡ ಪರೀಕ್ಷೆ ಅಂಥ ಲಾಭವನ್ನು ಕಾಣಲಿಲ್ಲ. ಅದೇ ವರ್ಷ ಪ್ರಕಟವಾದ, ಬ್ರಿಟನ್ನಿನಲ್ಲಿ ರೋಗಿ ಇನ್ನೂ ಘಟಕದಲ್ಲಿರುವಾಗಲೇ ದಾದಿಯರಿಂದ ಮಾತಿನ ಚಿಕಿತ್ಸೆ ಕೊಡಿಸಿದ ಪ್ರಯೋಗವೂ ಫಲಿಸಲಿಲ್ಲ. ದುರಂತವಾದ ಕೂಡಲೇ ಎಲ್ಲರನ್ನೂ ಕೂರಿಸಿ ಒಂದೇ ಸಲಕ್ಕೆ ಬಾಯಿ ಬಿಡಿಸುವ ಪದ್ಧತಿಯೂ ಹಿಂದೆ ಹೀಗೆಯೇ ಸೋತಿತ್ತು.

ಇದರ ಅರ್ಥ ಮಾತು ವ್ಯರ್ಥವೆಂದಲ್ಲ. ಮಾತಿಗೂ ಕಾಲ, ಕ್ರಮ ಇದೆ ಎಂದು. ಕಾಯಿಲೆ ನೆಲೆಯೂರಿದೆ ಎಂದು ಗೊತ್ತಾದ ಮೇಲೆ, ತರಬೇತಿ ಪಡೆದವರ ಜೊತೆ ಹಲವು ವಾರ ಕುಳಿತು ಮಾಡುವ ಚಿಕಿತ್ಸೆಗೆ, ಇತರ ಆಘಾತಗಳ ವಿಷಯದಲ್ಲಿ, ಒಳ್ಳೆಯ ಆಧಾರಗಳಿವೆ. ರೋಗಿ ನಡೆದುದನ್ನು ಮೊದಲಿನಿಂದ ಕೊನೆಯವರೆಗೆ ಮತ್ತೆ ಮತ್ತೆ ಹೇಳುತ್ತಾನೆ. ಯಾವುದು ಭ್ರಮೆ, ಯಾವುದು ನಿಜ ಎಂದು ಬೇರ್ಪಡಿಸುತ್ತಾನೆ. ದೂರವಿಟ್ಟಿದ್ದ ಆಸ್ಪತ್ರೆಯ ವಾಸನೆಗೆ, ಸದ್ದಿಗೆ ಸ್ವಲ್ಪ ಸ್ವಲ್ಪವಾಗಿ ಹತ್ತಿರವಾಗುತ್ತಾನೆ.

ಇದಕ್ಕೆಲ್ಲ ಹಳ್ಳಿಯವರು ಎಲ್ಲಿಗೆ ಹೋಗಬೇಕು? 1980ರ ದಶಕದಲ್ಲಿ ನಿಮ್ಹಾನ್ಸ್ ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೇ ಮನೋವೈದ್ಯದ ತರಬೇತಿ ನೀಡಿತು. ಆ ಮಾದರಿಯಿಂದಲೇ 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ದೇಶದಲ್ಲಿ ಬಂತು. 2022ರ ಅಕ್ಟೋಬರಿನಿಂದ ಟೆಲಿ-ಮಾನಸ್ ದೂರವಾಣಿ ಸೇವೆಯಿದೆ. 14416ಕ್ಕೆ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು. ಮನೆಗೆ ಬಂದು ತಿಂಗಳಾದರೂ ಕೆಟ್ಟ ಕನಸು, ಬೆಚ್ಚುವಿಕೆ, ಆಸ್ಪತ್ರೆಯ ಭಯ ಹೋಗದಿದ್ದರೆ ತಡಮಾಡಬಾರದು. ಸಾಯುವ ಮಾತು ಬಂದರೆ ತಿಂಗಳು ಕಾಯುವುದೂ ಬೇಡ.

ಉಳಿದದ್ದು ನಮ್ಮ ಪಾಲಿನ ಕೆಲಸ. ‘ಮಾತಾಡಿಸು’ ಎಂಬ ಕ್ರಿಯಾಪದದ ಅರ್ಥ ನಾವು ಮಾತಾಡುವುದಲ್ಲ, ಇನ್ನೊಬ್ಬರು ಮಾತಾಡುವಂತೆ ಮಾಡುವುದು. ಯಾವ ದಿನ ಸೇರಿಸಿದೆವು, ಯಾವಾಗ ನಳಿಕೆ ತೆಗೆದರು, ಯಾರು ಹೊರಗೆ ಕಾದಿದ್ದರು ಎಂಬುದನ್ನು ಕೇಳಿದಾಗ ಇದ್ದಂತೆ ಹೇಳುವುದು, ಹೇಳಲು ಮನಸ್ಸಿಲ್ಲದಾಗ ಒತ್ತಾಯಿಸದೆ ಸುಮ್ಮನೆ ಜೊತೆಗೆ ಕೂರುವುದು ಇದರಲ್ಲೇ ಸೇರಿದೆ. ಮುಂದಿನ ಸಲ ಮೂಸಂಬಿ ಹಿಡಿದು ಹೊರಟಾಗ ಇಷ್ಟು ನೆನಪಿದ್ದರೆ ಸಾಕು.