ಲೆಕ್ಸಿಯೊ ದಿವಿನಾ: ಬೈಬಲ್ ಮನನದ ಚರಿತ್ರೆ

ಬೈಬಲಿನ ಸಣ್ಣದೊಂದು ಭಾಗವನ್ನು ನಿಧಾನವಾಗಿ ಓದಿ, ಅದನ್ನೇ ಮತ್ತೆ ಮತ್ತೆ ನೆನೆದು, ಕೊನೆಗೆ ಪ್ರಾರ್ಥನೆಯಾಗಿಸಿಕೊಳ್ಳುವ ಕ್ರೈಸ್ತ ಸಾಧನೆಗೆ ಲೆಕ್ಸಿಯೊ ದಿವಿನಾ ಎಂದು ಹೆಸರು. ಲ್ಯಾಟಿನ್‌ನಲ್ಲಿ ಇದರ ಅರ್ಥ 'ದೈವಿಕ ಓದು'. ಕನ್ನಡ ಬೈಬಲಿನಲ್ಲಿ ಮೊದಲನೆಯ ಕೀರ್ತನೆ ಇದನ್ನು 'ಧ್ಯಾನಿಸು' ಎಂಬ ಪದದಿಂದ ಹೇಳುತ್ತದೆ. ಧ್ಯಾನವೆಂದ ಕೂಡಲೇ ಮುಚ್ಚಿದ ಕಣ್ಣು, ಕದಲದ ತುಟಿ ನಮ್ಮ ಮುಂದೆ ಬರುತ್ತವೆ. ಆದರೆ ಅಲ್ಲಿರುವ ಹೀಬ್ರೂ ಧಾತು 'ಹಾಗಾ' ಸದ್ದಿಗೆ ಸಂಬಂಧಿಸಿದ್ದು. ಯೆಶಾಯನ ಗ್ರಂಥದಲ್ಲಿ ಬೇಟೆಯನ್ನು ಹಿಡಿದ ಸಿಂಹ ಗುರುಗುಟ್ಟುವುದಕ್ಕೂ ಪಾರಿವಾಳ ನರಳುವುದಕ್ಕೂ ಇದೇ ಪದ ಬಳಕೆಯಾಗಿದೆ. ಧರ್ಮಶಾಸ್ತ್ರವನ್ನು ಧ್ಯಾನಿಸುವವನೆಂದರೆ ಅದನ್ನು ಬಾಯಲ್ಲೇ ಗುನುಗುತ್ತಿರುವವನು. ನಮ್ಮ ಪಾರಾಯಣ, ಮನನ ಎರಡೂ ಕೂಡಿದಾಗ ಆ ಅರ್ಥಕ್ಕೆ ಹತ್ತಿರ ಬರುತ್ತವೆ. ಈ ಸಾಧನೆಯ ಚರಿತ್ರೆಯನ್ನು ಬಹುಮಟ್ಟಿಗೆ ದನಿಯ ಚರಿತ್ರೆಯೆಂದೇ ಓದಬಹುದು.

ಮೂರನೆಯ ಶತಮಾನದಲ್ಲಿ ಅಲೆಕ್ಸಾಂಡ್ರಿಯದ ಒರಿಗೆನ್ ತನ್ನ ಶಿಷ್ಯ ಗ್ರೆಗೊರಿಗೆ ಬರೆದ ಪತ್ರದಲ್ಲಿ ದೈವಿಕ ಓದಿಗೆ ಮನಸ್ಸು ಕೊಡಬೇಕೆಂದೂ, ತಿಳಿಯದ ಕಡೆ ಪ್ರಾರ್ಥನೆಯಿಂದ ಬಾಗಿಲು ತಟ್ಟಬೇಕೆಂದೂ ಹೇಳಿದ. ಆದರೆ ಇದು ದಿನಚರಿಯಾದದ್ದು ಈಜಿಪ್ಟಿನ ಮರುಭೂಮಿಯಲ್ಲಿ. ನಾಲ್ಕನೆಯ ಶತಮಾನದಲ್ಲಿ ಪಕೋಮಿಯಸ್ ಕಟ್ಟಿದ ಮಠಗಳಿಗೆ ಸೇರಲು ಬಂದವರಲ್ಲಿ ಅನೇಕರು ಅಕ್ಷರ ಬಾರದ ರೈತರು. ಓದು ಬಾರದವನು ದಿನಕ್ಕೆ ಮೂರು ಹೊತ್ತು ಬಲ್ಲವನೊಬ್ಬನ ಬಳಿ ನಿಂತು ಅಕ್ಷರ ಕಲಿಯಬೇಕೆಂದು ಅಲ್ಲಿನ ನಿಯಮ. ಕನಿಷ್ಠ ಹೊಸ ಒಡಂಬಡಿಕೆಯೂ ಕೀರ್ತನೆಗಳೂ ಪ್ರತಿಯೊಬ್ಬರಿಗೂ ಬಾಯಿಪಾಠವಾಗಿರಬೇಕಿತ್ತು. ಚಾಪೆ ಹೆಣೆಯುವಾಗ, ಬುಟ್ಟಿ ಹೆಣೆಯುವಾಗ ಕೈ ತನ್ನ ಕೆಲಸ ಮಾಡುತ್ತಿದ್ದರೆ ಬಾಯಿ ವಚನವನ್ನು ಹೇಳಿಕೊಳ್ಳುತ್ತಿತ್ತು. ಗ್ರಂಥ ಕೈಗೆಟುಕದಷ್ಟು ದುಬಾರಿಯಾಗಿದ್ದ ಕಾಲದಲ್ಲಿ ನೆನಪೇ ಅವರ ಗ್ರಂಥಾಲಯ. ಈ ಮರುಭೂಮಿಯ ಅನುಭವವನ್ನು ಲ್ಯಾಟಿನ್ ಜಗತ್ತಿಗೆ ದಾಟಿಸಿದವನು ಜಾನ್ ಕ್ಯಾಸಿಯನ್. ಕೀರ್ತನೆಯ ಒಂದೇ ಒಂದು ವಾಕ್ಯವನ್ನು ಕೂತಲ್ಲಿ ನಿಂತಲ್ಲಿ ಜಪಿಸುವ ಕ್ರಮವನ್ನು ಅವನ ಹತ್ತನೆಯ 'ಸಂವಾದ' ವಿವರಿಸುತ್ತದೆ.

ಆರನೆಯ ಶತಮಾನದಲ್ಲಿ ಇಟಲಿಯ ಬೆನೆಡಿಕ್ಟ್ ಬರೆದ ಮಠನಿಯಮದ 48ನೆಯ ಅಧ್ಯಾಯ ದೈಹಿಕ ದುಡಿಮೆಗೂ ಓದಿಗೂ ಹೊತ್ತು ಗೊತ್ತುಮಾಡಿತು. ಈಸ್ಟರಿಗೆ ಮುಂಚಿನ ತಪಸ್ಸುಕಾಲದಲ್ಲಿ ಪ್ರತಿಯೊಬ್ಬ ಸನ್ಯಾಸಿಗೂ ಒಂದೊಂದು ಪುಸ್ತಕ ಕೊಡಬೇಕು, ಅದನ್ನು ಮೊದಲಿನಿಂದ ಕೊನೆಯವರೆಗೆ ಓದಬೇಕು. ಹರಟೆಯಲ್ಲಿ ಹೊತ್ತು ಕಳೆಯುವವರಿದ್ದಾರೆಯೇ ಎಂದು ನೋಡಲು ಒಬ್ಬಿಬ್ಬರು ಹಿರಿಯರು ಮಠದೊಳಗೆ ಸುತ್ತುತ್ತಿರಬೇಕು. ಮಧ್ಯಾಹ್ನದ ವಿಶ್ರಾಂತಿಯಲ್ಲಿ ಓದುವವನು ಉಳಿದವರಿಗೆ ತೊಂದರೆಯಾಗದಂತೆ ಓದಬೇಕೆಂಬ ಮಾತೂ ಅಲ್ಲಿದೆ. ಓದೆಂದರೆ ದನಿಯೆತ್ತಿ ಓದುವುದೇ ಆಗಿತ್ತೆಂಬುದಕ್ಕೆ ಇದಕ್ಕಿಂತ ಸಹಜವಾದ ಸಾಕ್ಷಿ ಸಿಗಲಾರದು. ಮಿಲಾನಿನ ಧರ್ಮಾಧ್ಯಕ್ಷ ಆಂಬ್ರೋಸ್ ತುಟಿ ಅಲುಗಿಸದೆ ಓದುತ್ತಿದ್ದುದನ್ನು ಅಗಸ್ಟೀನ್ ತನ್ನ ಆತ್ಮನಿವೇದನೆಯಲ್ಲಿ ವಿಶೇಷವೆಂಬಂತೆ ಬರೆದಿಟ್ಟಿದ್ದಾನೆ.

ಈ ಓದಿಗೆ ಮಧ್ಯಯುಗದವರು ಕೊಟ್ಟ ಹೆಸರು 'ರುಮಿನಾತಿಯೊ', ಅಂದರೆ ಮೆಲುಕು ಹಾಕುವುದು. ಕನ್ನಡದಲ್ಲಿ ನೆನಪನ್ನೂ ಮೆಲುಕು ಹಾಕುತ್ತೇವಾದ್ದರಿಂದ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಯಾಜಕಕಾಂಡದಲ್ಲಿ ಮೆಲುಕು ಹಾಕುವುದು ಶುದ್ಧಪ್ರಾಣಿಯ ಒಂದು ಲಕ್ಷಣ. ಅದನ್ನೇ ವಚನದ ಓದಿಗೆ ಅನ್ವಯಿಸಿದರು. 731ರಲ್ಲಿ ಇಂಗ್ಲೆಂಡಿನ ಬೀಡ್ ಮುಗಿಸಿದ ಸಭಾಚರಿತ್ರೆಯಲ್ಲಿ ಕ್ಯಾಡ್ಮನ್‌ನ ಕಥೆಯಿದೆ. ಅವನು ಅಕ್ಷರ ಬಾರದವನು, ಕೊಟ್ಟಿಗೆಯಲ್ಲಿ ದನ ಕಾಯುತ್ತಿದ್ದವನು. ವಿಟ್ಬಿ ಮಠದವರು ಹೇಳಿದ ಬೈಬಲ್ ಕಥೆಗಳನ್ನು ಕೇಳಿ, ಶುದ್ಧಪ್ರಾಣಿಯಂತೆ ಮೆಲುಕು ಹಾಕಿ, ಅವನು ತನ್ನ ಭಾಷೆಯಲ್ಲಿ ಹಾಡಾಗಿಸುತ್ತಿದ್ದನೆಂದು ಬೀಡ್ ಹೇಳುತ್ತಾನೆ. ಓದಲು ಬಾರದವನೂ ಈ ಸಾಧನೆಯಲ್ಲಿ ಎಷ್ಟು ಎತ್ತರಕ್ಕೆ ಏರಬಹುದಿತ್ತೆಂಬುದಕ್ಕೆ ದನಗಾಹಿಯೊಬ್ಬನೇ ನಿದರ್ಶನವಾದದ್ದು ಮನಸ್ಸನ್ನು ತಟ್ಟುತ್ತದೆ.

ಹನ್ನೆರಡನೆಯ ಶತಮಾನದಲ್ಲಿ ಕಾರ್ಥೂಸಿಯನ್ ಮಠದ ಮುಖ್ಯಸ್ಥ ಎರಡನೆಯ ಗಿಗೊ, ಗೆರ್ವಾಸ್ ಎಂಬ ಸಹೋದರನಿಗೆ ಬರೆದ ಪತ್ರದಲ್ಲಿ ನಾಲ್ಕು ಮೆಟ್ಟಿಲ ಏಣಿಯೊಂದನ್ನು ಚಿತ್ರಿಸಿದ: ಓದು, ಮನನ, ಪ್ರಾರ್ಥನೆ, ದರ್ಶನ. ಓದು ತುತ್ತನ್ನು ಬಾಯಿಗಿಡುತ್ತದೆ, ಮನನ ಅಗಿಯುತ್ತದೆ, ಪ್ರಾರ್ಥನೆ ರುಚಿ ಹಿಡಿಯುತ್ತದೆ, ದರ್ಶನವೇ ಆ ಸವಿ. ಇಂದು ಲೆಕ್ಸಿಯೊ ದಿವಿನಾ ಕಲಿಸುವ ಹೆಚ್ಚಿನ ಕೈಪಿಡಿಗಳು ಈ ಏಣಿಯಿಂದಲೇ ಆರಂಭವಾಗುತ್ತವೆ. ಆದರೆ ಬೆನೆಡಿಕ್ಟನ ಸನ್ಯಾಸಿಗಳು ಮೆಟ್ಟಿಲು ಎಣಿಸಿದವರಲ್ಲ. ಗಿಗೊ ಕೂಡ ಒಂದನ್ನೊಂದು ಬಿಟ್ಟಿರಲಾರದ ನಾಲ್ಕು ಕ್ರಿಯೆಗಳ ಬಗ್ಗೆ ಬರೆದನೇ ಹೊರತು ಗಡಿಯಾರ ಹಿಡಿದು ದಾಟುವ ಹಂತಗಳ ಬಗ್ಗೆ ಅಲ್ಲ.

ವಿಶ್ವವಿದ್ಯಾಲಯಗಳು ಬೆಳೆದಂತೆ ಓದು ಪ್ರಶ್ನೆಗೂ ವಾದಕ್ಕೂ ತಿರುಗಿತು. ಮನನ ಹೊಸ ರೂಪಗಳನ್ನು ಹುಡುಕಿಕೊಂಡಿತು. 1521ರಲ್ಲಿ ಯುದ್ಧದಲ್ಲಿ ಕಾಲಿಗೆ ಪೆಟ್ಟಾಗಿ ಮಲಗಿದ್ದ ಲೊಯೊಲದ ಇಗ್ನೇಷಿಯಸ್ ಕ್ರಿಸ್ತನ ಜೀವನಚರಿತ್ರೆಯನ್ನು ಓದಿದ. 1548ರಲ್ಲಿ ಅಚ್ಚಾದ ಅವನ 'ಆಧ್ಯಾತ್ಮಿಕ ಸಾಧನೆಗಳು' ಸುವಾರ್ತೆಯ ದೃಶ್ಯದೊಳಗೆ ಕಲ್ಪನೆಯಿಂದ ಹೊಕ್ಕು ನಿಲ್ಲುವುದನ್ನು ಕಲಿಸಿತು. ಜರ್ಮನಿಯ ಧರ್ಮಸುಧಾರಕ ಲೂಥರ್ ಮಾತ್ರ ಮತ್ತೆ ಬಾಯಿಗೆ ಮರಳಿದ. ವಚನವನ್ನು ಹೃದಯದಲ್ಲಷ್ಟೇ ಅಲ್ಲ, ಗಟ್ಟಿಯಾಗಿ ಹೇಳಿಯೂ ಉಜ್ಜಬೇಕೆಂದು 1539ರಲ್ಲಿ ಬರೆದ. ಅದಕ್ಕೆ ನಾಲ್ಕು ವರ್ಷ ಮೊದಲು ತನ್ನ ಕ್ಷೌರಿಕ ಪೀಟರನಿಗಾಗಿ ಅವನು ಬರೆದ ಪ್ರಾರ್ಥನೆಯ ಕಿರುಹೊತ್ತಗೆ ಮಠದ ಸಾಧನೆಯನ್ನು ಸಂಸಾರಿಯ ಕೈಗಿಟ್ಟಿತು. ಕತ್ತಿ ಹಿಡಿದ ಕ್ಷೌರಿಕನ ಎಚ್ಚರವೇ ಪ್ರಾರ್ಥಿಸುವವನಿಗೂ ಇರಬೇಕೆಂದು ಪೀಟರನ ಕಸುಬಿನಿಂದಲೇ ಹೋಲಿಕೆ ಕೊಟ್ಟ.

1728ರಿಂದ ಜರ್ಮನಿಯ ಹೆರ್ನ್‌ಹೂಟ್‌ನಲ್ಲಿ ಮೊರೇವಿಯನ್ನರು ಪ್ರತಿದಿನಕ್ಕೊಂದು ವಚನವನ್ನು ಮನೆಮನೆಗೆ ಮುಟ್ಟಿಸತೊಡಗಿದರು. 1731ರಿಂದ ಅದು ಪುಸ್ತಕವಾಗಿ ಇಂದಿಗೂ ಬರುತ್ತಿದೆ. ಭಕ್ತಿಯ ಇಂಥದೇ ವಾತಾವರಣದಲ್ಲಿ ಬೆಳೆದ ಬಾಸೆಲ್ ಮಿಷನ್ನಿನವರು 1834ರಲ್ಲಿ ಮಂಗಳೂರಿಗೆ ಬಂದರು. ಅಷ್ಟು ಹೊತ್ತಿಗಾಗಲೇ ಬಳ್ಳಾರಿಯ ಲಂಡನ್ ಮಿಷನ್ನಿನ ಹ್ಯಾಂಡ್ಸ್, ರೀವ್ ಮೊದಲಾದವರ ದುಡಿಮೆಯಿಂದ ಕನ್ನಡ ಬೈಬಲ್ ಸಿದ್ಧವಾಗಿತ್ತು.

ಇಪ್ಪತ್ತನೆಯ ಶತಮಾನದಲ್ಲಿ ಹಿಟ್ಲರನ ಆಡಳಿತದ ನಡುವೆ ಡೀಟ್ರಿಚ್ ಬಾನ್‌ಹಾಫರ್ ಫಿಂಕೆನ್‌ವಾಲ್ಡೆಯ ತನ್ನ ಗುರುಮಠದಲ್ಲಿ ವಿದ್ಯಾರ್ಥಿಗಳಿಗೆ ದಿನವೂ ಅರ್ಧ ತಾಸಿನ ವಚನಮನನವನ್ನು ಕಡ್ಡಾಯ ಮಾಡಿದ. ಒಂದೇ ಭಾಗ ಒಂದು ವಾರ. 1965ರ ನವೆಂಬರ್ 18ರಂದು ಎರಡನೆಯ ವ್ಯಾಟಿಕನ್ ಮಹಾಸಭೆ ಹೊರಡಿಸಿದ 'ದೇಯಿ ವೆರ್ಬುಮ್' ಎಲ್ಲ ಕಥೋಲಿಕರಿಗೂ ಪ್ರಾರ್ಥನೆಯೊಡನೆ ಬೈಬಲ್ ಓದಲು ಕರೆಯಿತ್ತಿತು. 1980ರ ದಶಕದಲ್ಲಿ ಮಹಾಧರ್ಮಾಧ್ಯಕ್ಷ ಕಾರ್ಲೊ ಮರಿಯ ಮಾರ್ತೀನಿ ಮಿಲಾನಿನ ಪ್ರಧಾನಾಲಯದಲ್ಲಿ ಯುವಜನರಿಗೆ ಇದೇ ಓದನ್ನು ಕಲಿಸಿದರು. ಅದು ಆಂಬ್ರೋಸ್ ಧರ್ಮಾಧ್ಯಕ್ಷನಾಗಿದ್ದ ಊರೇ. ಬೆಂಗಳೂರಿನಲ್ಲಿ ಡಿ. ಎಸ್. ಅಮಲೋರ್‌ಪವದಾಸ್ 1967ರಲ್ಲಿ ಆರಂಭಿಸಿದ ರಾಷ್ಟ್ರೀಯ ಕೇಂದ್ರ ಬೈಬಲ್ ಶಿಕ್ಷಣವನ್ನೂ ಆರಾಧನೆಯನ್ನೂ ಭಾರತೀಯ ರೀತಿಗೆ ಹೊಂದಿಸಲು ದುಡಿಯಿತು. ನಗರದ ಹೊರವಲಯದಲ್ಲಿ, ಮೈಸೂರು ರಸ್ತೆಯ ಕಡೆಗಿರುವ ಆಶೀರ್ವನಂ ಮಠದ ಸನ್ಯಾಸಿಗಳು ಬೆನೆಡಿಕ್ಟನ ನಿಯಮದ ಕೆಳಗೇ ಬಾಳುವವರು. ದುಡಿಮೆ, ಓದು, ದನಿಯೆತ್ತಿ ಹೇಳುವ ಕೀರ್ತನೆ ಅವರ ದಿನವನ್ನು ಈಗಲೂ ಹಂಚಿಕೊಂಡಿವೆ.