ಸೈಕಲ್ ಏರಿ ಬೆಟ್ಟ ದಾಟಿದ ಇಪ್ಪತ್ತು ಸಿಪಾಯಿಗಳು

ಮೌಂಟನ್ ಬೈಕ್ ಹುಟ್ಟಿದ್ದು ಎಲ್ಲಿ ಎಂದು ಮೊಬೈಲಿನಲ್ಲಿ ಹುಡುಕಿದರೆ ಬರುವ ಉತ್ತರ ಹೆಚ್ಚುಕಮ್ಮಿ ಒಂದೇ: ಅಮೆರಿಕದ ಕ್ಯಾಲಿಫೋರ್ನಿಯಾ, 1970ರ ದಶಕ. ಅದು ಸುಳ್ಳಲ್ಲ. ಅಲ್ಲಿನ ಮರಿನ್ ಕೌಂಟಿಯ ಹುಡುಗರು ದಪ್ಪ ಟಯರಿನ ಹಳೇ ಸೈಕಲ್‌ಗಳನ್ನು ಗುಡ್ಡ ಹತ್ತಿಸಿ, ಕಲ್ಲುದಾರಿಯಲ್ಲಿ ಕೆಳಕ್ಕೆ ಬಿಡುತ್ತಿದ್ದರು. 1976ರ ಅಕ್ಟೋಬರಿನಲ್ಲಿ ಅದಕ್ಕೊಂದು ಪಂದ್ಯವನ್ನೇ ಏರ್ಪಡಿಸಿದರು. ಪೆಡಲ್ ಹಿಂದಕ್ಕೆ ತುಳಿದರೆ ಬ್ರೇಕ್ ಹಿಡಿಯುವ ಸೈಕಲ್‌ಗಳು ಅವು. ಒಮ್ಮೆ ಇಳಿದು ಬರುವಷ್ಟರಲ್ಲಿ ಹಿಂದಿನ ಹಬ್ಬಿನ ಗ್ರೀಸ್ ಕಾದು ಹೊಗೆಯಾಗಿ ಹೋಗುತ್ತಿತ್ತು, ಮತ್ತೆ ತುಂಬಬೇಕಿತ್ತು. ಮತ್ತೆ ತುಂಬುವುದಕ್ಕೆ ಇಂಗ್ಲಿಷಿನಲ್ಲಿ ರೀಪ್ಯಾಕ್ ಎನ್ನುತ್ತಾರೆ. ಪಂದ್ಯಕ್ಕೂ ಅದೇ ಹೆಸರು ಬಿತ್ತು. ಇಪ್ಪತ್ತು ವರ್ಷಕ್ಕೆ, 1996ರಲ್ಲಿ, ಈ ಆಟ ಒಲಿಂಪಿಕ್ಸ್ ಸೇರಿತು.

ನಾವು ಹೇಳಹೊರಟಿದ್ದು ಅದಕ್ಕೂ ಎಂಬತ್ತು ವರ್ಷ ಹಿಂದಿನ ಮಾತು. ಅದು ಆಟಕ್ಕೆಂದು ತುಳಿದ ಸೈಕಲ್ ಅಲ್ಲ, ಹುಕುಂ ಬಂದಿತ್ತೆಂದು ತುಳಿದದ್ದು.

ಅಮೆರಿಕದ ಸೈನ್ಯದ 25ನೇ ಪದಾತಿ ದಳದಲ್ಲಿ ಸಿಪಾಯಿಗಳೆಲ್ಲ ಕಪ್ಪು ಜನ, ಅಧಿಕಾರಿಗಳು ಬಿಳಿಯರು. ಆ ದೇಶದಲ್ಲಿ ಗುಲಾಮಗಿರಿ ಕಾನೂನಿನಲ್ಲಿ ಕೊನೆಯಾಗಿ ಆಗಿನ್ನೂ ಮೂವತ್ತು ವರ್ಷ ದಾಟಿತ್ತಷ್ಟೇ. ದಳದ ಲೆಫ್ಟಿನೆಂಟ್ ಜೇಮ್ಸ್ ಮಾಸ್‌ಗೆ ಒಂದು ಲೆಕ್ಕಾಚಾರ ಹೊಳೆಯಿತು: ಕುದುರೆಗೆ ಹುಲ್ಲು ಬೇಕು, ನೀರು ಬೇಕು, ನಿದ್ದೆ ಬೇಕು, ಸೈಕಲ್‌ಗೆ ಇದ್ಯಾವುದೂ ಬೇಡ. 1896ರಲ್ಲಿ ಕೆಲವು ಸಿಪಾಯಿಗಳನ್ನು ಯೆಲ್ಲೋಸ್ಟೋನ್‌ವರೆಗೆ ಕರೆದೊಯ್ದು ಪರೀಕ್ಷಿಸಿದ. ಮರುವರ್ಷ ಜೂನ್ 14ರಂದು ಮೊಂಟಾನಾದ ಮಿಸೌಲಾ ಕೋಟೆಯಿಂದ 20 ಸಿಪಾಯಿಗಳು ಹೊರಟರು. ಸೇರಬೇಕಾದ ಊರು ಸೇಂಟ್ ಲೂಯಿಸ್, ದೂರ 1,900 ಮೈಲಿ, ಅಂದರೆ ಮೂರು ಸಾವಿರ ಕಿಲೋಮೀಟರಿಗೂ ಮೇಲೆ.

ಜೊತೆಗೆ ಒಬ್ಬ ಡಾಕ್ಟರು, ಮತ್ತೆ 19 ವರ್ಷದ ಪತ್ರಿಕಾ ವರದಿಗಾರ ಎಡ್ವರ್ಡ್ ಬೂಸ್. ತಾನೂ ಸೈಕಲ್ ತುಳಿಯುತ್ತ ದಾರಿಯುದ್ದಕ್ಕೂ ವರದಿ ಕಳಿಸಿದವನು. ನಾವು ಈ ಲೇಖನಕ್ಕೆ ಕೈಹಾಕಿದ್ದಕ್ಕೆ ಅರ್ಧ ಕಾರಣ ಅವನೇ ಅನ್ನಿ.

ಆ ಸೈಕಲ್‌ಗಳಿಗೆ ಗೇರೂ ಇಲ್ಲ, ಶಾಕ್ ಅಬ್ಸಾರ್ಬರೂ ಇಲ್ಲ. ಕಂಬಳಿ, ಡೇರೆಯ ಬಟ್ಟೆ, ತಿನ್ನುವ ಸಾಮಾನು ಎಲ್ಲ ಸೈಕಲ್‌ಗೇ ಕಟ್ಟಬೇಕು, ಬಂದೂಕು ಬೆನ್ನಿಗೆ. ಹೊರಟ ಸ್ವಲ್ಪದರಲ್ಲೇ ಮಳೆ ಹಿಡಿಯಿತು. ಆ ಸೀಮೆಯದು ಜಿಗುಟು ಜೇಡಿಮಣ್ಣು. ನಮ್ಮ ಕಡೆ ಎರೆಮಣ್ಣಿನ ಹೊಲದ ದಾರಿಯಲ್ಲಿ ಮಳೆ ಬಿದ್ದ ಮೇಲೆ ಸೈಕಲ್ ಹೊಡೆದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಟಯರಿಗೆ ಮಣ್ಣು ಮೆತ್ತಿ ಮೆತ್ತಿ ಫೋರ್ಕಿನ ಸಂದಿ ತುಂಬಿ, ಚಕ್ರ ತಿರುಗುವುದೇ ನಿಂತುಹೋಗುತ್ತದೆ. ಇಳಿದು ಕೆರೆಯಬೇಕು, ನಾಲ್ಕು ಮಾರು ಹೋಗಿ ಮತ್ತೆ ಕೆರೆಯಬೇಕು. ದಾರಿ ತೀರಾ ಕೆಟ್ಟಾಗ ಅವರು ರೈಲುಹಳಿ ಹಿಡಿದರು. ಸ್ಲೀಪರ್‌ಗಳ ಮೇಲೆ ಕುಲುಕಿಸಿಕೊಂಡು ಹೋಗುವುದು ಕೆಸರಿಗಿಂತ ವಾಸಿ ಅನ್ನಿಸುವ ಹೊತ್ತು ಅದು! ಬೆಟ್ಟಸಾಲಿನ ನೆತ್ತಿಯಲ್ಲಿ ಹಿಮ ಸಿಕ್ಕಿತು. ಮುಂದೆ ನೆಬ್ರಾಸ್ಕಾದ ಮರಳುಗುಡ್ಡಗಳಲ್ಲಿ ಸುಡುಬಿಸಿಲು, ಚೌಳು ನೀರು. ಕುಡಿದವರು ಕಾಯಿಲೆ ಬಿದ್ದರು. ಮುರಿದದ್ದನ್ನು ಜೋಡಿಸುವ ಕೆಲಸ ಜಾನ್ ಫಿಂಡ್ಲಿ ಎಂಬ ಸಿಪಾಯಿಯದು, ಸೈನ್ಯಕ್ಕೆ ಬರುವ ಮೊದಲು ಸೈಕಲ್ ಕೆಲಸ ಕಲಿತಿದ್ದವನು.

ಜುಲೈ 24ರಂದು, 41ನೇ ದಿನ, ಸೇಂಟ್ ಲೂಯಿಸ್ ತಲುಪಿದರು. ನೋಡಲು ಜನವೋ ಜನ. ಸೈನ್ಯ ಮಾತ್ರ ಸೈಕಲ್ ದಳವನ್ನು ಮುಂದುವರಿಸಲಿಲ್ಲ. ಸಿಪಾಯಿಗಳನ್ನು ರೈಲು ಹತ್ತಿಸಿ ವಾಪಸ್ ಕಳಿಸಿತು. ಮರುವರ್ಷ ಯುದ್ಧ ಬಂತು, ದಳ ಕ್ಯೂಬಾಕ್ಕೆ ಹೋಯಿತು.

ಆ ಇಪ್ಪತ್ತು ಜನರಲ್ಲಿ ಸಾರ್ಜೆಂಟ್ ಮಿಂಗೊ ಸ್ಯಾಂಡರ್ಸ್ ಒಬ್ಬರು. ನಲವತ್ತರ ಹತ್ತಿರದ ವಯಸ್ಸಿನಲ್ಲಿ ಆ ದಾರಿ ತುಳಿದವರು. 1906ರಲ್ಲಿ ಟೆಕ್ಸಾಸ್‌ನ ಬ್ರೌನ್ಸ್‌ವಿಲ್ ಎಂಬ ಊರಿನಲ್ಲಿ ಗುಂಡು ಹಾರಿ ಒಬ್ಬ ಸತ್ತ. ಆರೋಪ 25ನೇ ದಳದ ಮೇಲೆ ಬಂತು. ಕೋರ್ಟು ಇಲ್ಲ, ವಿಚಾರಣೆ ಇಲ್ಲ, ಅಧ್ಯಕ್ಷ ಥಿಯೋಡೋರ್ ರೂಸ್‌ವೆಲ್ಟ್ 167 ಸಿಪಾಯಿಗಳನ್ನು ಒಂದೇ ಸಲಕ್ಕೆ ಸೈನ್ಯದಿಂದ ಹೊರಹಾಕಿದರು. ಇಪ್ಪತ್ತೈದು ವರ್ಷ ಸೇವೆ ಮಾಡಿ ಪಿಂಚಣಿಗೆ ಹತ್ತಿರವಾಗಿದ್ದ ಸ್ಯಾಂಡರ್ಸ್ ಕೂಡ ಅದರಲ್ಲಿ ಹೋದರು. ಅವರು 1929ರಲ್ಲಿ ತೀರಿಕೊಂಡರು. ಆ ಆದೇಶ ತಪ್ಪೆಂದು ಸೈನ್ಯ ತಿದ್ದಿಕೊಂಡದ್ದು 1972ರಲ್ಲಿ, ಕ್ಯಾಲಿಫೋರ್ನಿಯಾದ ಹುಡುಗರು ಪಂದ್ಯ ಕಟ್ಟುವುದಕ್ಕೆ ನಾಲ್ಕು ವರ್ಷ ಮೊದಲು.